ಬೀಳುವ ಸರಪಳಿಯ ತೂಕ

ವಿಜಯಪುರದಲ್ಲಿ ನಾನು ಪಾಠ ಹೇಳುವ ಪಿಯುಸಿ ವಿದ್ಯಾರ್ಥಿಗಳು ಸರಪಳಿಯ ಬಗ್ಗೆ ಕೇಳುವ ಪ್ರಶ್ನೆಗಳಲ್ಲಿ ನನಗೆ ಬಹಳ ಇಷ್ಟವಾದದ್ದೊಂದಿದೆ: ನೆಟ್ಟಗೆ ತೂಗುಬಿಟ್ಟ ಸರಪಳಿಯ ಕೆಳತುದಿ ತೂಕದ ಯಂತ್ರಕ್ಕೆ ತಾಗಿರುವಾಗ ಕೈಬಿಟ್ಟರೆ, ಅದು ಬೀಳುತ್ತಿರುವಾಗ ಯಂತ್ರ ಎಷ್ಟು ತೋರಿಸುತ್ತದೆ? ಬಿದ್ದಷ್ಟು ಭಾಗದ ತೂಕ ಎಂದೇ ಹೆಚ್ಚಿನವರು ಹೇಳುತ್ತಾರೆ. ಆದರೆ ವೇಗವಾಗಿ ಬರುವ ಪ್ರತಿ ಕೊಂಡಿಯೂ ಅಲ್ಲಿ ನಿಶ್ಚಲವಾಗಬೇಕಾದ್ದರಿಂದ, ಆ ಸಂವೇಗವನ್ನು ತಡೆಯಲು ಬಿದ್ದ ಭಾಗದ ತೂಕದ 2 ಪಟ್ಟು ಬಲ ಬೇಕಾಗುತ್ತದೆ. ತೂಕವೂ ಸೇರಿ ಒಟ್ಟು 3 ಪಟ್ಟು. ಸರಪಳಿ ಪೂರ್ತಿ ಬಿದ್ದೊಡನೆ ಅಂಕಿ ನಿಜವಾದ ತೂಕಕ್ಕೆ ಇಳಿಯುತ್ತದೆ. ಇದನ್ನು ಬಾಯಿಪಾಠ ಮಾಡಿಸುವುದು ಅನ್ಯಾಯವೆಂದೇ ನನ್ನ ಭಾವನೆ.

ನುಣುಪಾದ ಮೇಜಿನಿಂದ ಜಾರುವ ಸರಪಳಿಯಲ್ಲಿ ವೇಗೋತ್ಕರ್ಷವು ಇಳಿಬಿದ್ದ ಉದ್ದವನ್ನು ಅವಲಂಬಿಸುವುದರಿಂದ, ಕಾಲದ ಬದಲು ಉದ್ದವನ್ನು ಹಿಡಿದು ಲೆಕ್ಕ ಮಾಡಲು ಕಲನಶಾಸ್ತ್ರದ ಸರಪಳಿ ನಿಯಮವೇ (ಒಂದನ್ನೊಂದು ಅವಲಂಬಿಸಿದ ಪರಿಮಾಣಗಳ ಬದಲಾವಣೆಯ ದರಗಳನ್ನು ಗುಣಿಸಿ ಜೋಡಿಸುವ ನಿಯಮ) ನೆರವಾಗುತ್ತದೆ. ಗಣಿತದ ತರಗತಿಯಲ್ಲಿ ಬರೀ ಸೂತ್ರವಾಗಿದ್ದದ್ದು ಇಲ್ಲಿ ಕೆಲಸಕ್ಕೆ ಬಂದಾಗ ಮಕ್ಕಳ ಮುಖ ಅರಳುತ್ತದೆ.

ರಸಾಯನಶಾಸ್ತ್ರದಲ್ಲೂ ಸರಪಳಿ ಬರುತ್ತದೆ. ಮೀಥೇನ್ ಮತ್ತು ಕ್ಲೋರಿನ್‌ಗಳ ಸರಪಳಿ ಕ್ರಿಯೆಯನ್ನು, ಅಂದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಚುರುಕು ಕಣಗಳಾದ ರಾಡಿಕಲ್‌ಗಳ ಮೂಲಕ ಮುಂದುವರಿಯುವ ಕ್ರಿಯೆಯನ್ನು ಕಲಿತ ವಿದ್ಯಾರ್ಥಿನಿಯೊಬ್ಬಳು, "ಒಂದು ರಾಡಿಕಲ್ ಇನ್ನೊಂದನ್ನು ಹುಟ್ಟಿಸುತ್ತಲೇ ಹೋದರೆ ಇದು ನಿಲ್ಲುವುದಾದರೂ ಹೇಗೆ, ಸರ್?" ಎಂದು ಕೇಳಿದಳು. ಎರಡು ರಾಡಿಕಲ್‌ಗಳು ಪರಸ್ಪರ ಕೂಡಿಕೊಂಡಾಗ ಅಲ್ಲಿಗೆ ಆ ಸರಪಳಿ ಕಡಿಯುತ್ತದೆ.