ಮೊಳಕೆ ಎಷ್ಟು ಉದ್ದ ಬಂದಿತ್ತು?

ಮನೆಯಲ್ಲಿ ನಾನು ಮಾಡಿದ ಬಿಯರನ್ನು ಹೋದ ತಿಂಗಳು ಪಕ್ಕದ ಮನೆಯ ಅಜ್ಜನಿಗೆ ಒಂದು ಬಾಟಲಿ ಕೊಟ್ಟೆ. ಬೇಲಿಯ ಆಚೆ ನಿಂತೇ ಒಂದು ಗುಟುಕು ಕುಡಿದು, "ಚೆನ್ನಾಗಿದೆ. ಆದರೆ ಇದನ್ನು ಮಾಡಿದ್ದು ಕಾರ್ಖಾನೆ. ನೀನು ಡಬ್ಬದ ಮುಚ್ಚಳ ತೆಗೆದೆ, ಅಷ್ಟೆ" ಎಂದರು. ನೋಯಿಸಬೇಕೆಂದು ಆಡಿದ ಮಾತಲ್ಲ. ಮನಸ್ಸಿಗೆ ಬಂದದ್ದನ್ನು ಹಾಗೆಯೇ ಹೇಳುವವರು ಅವರು. ಆದರೂ ಎರಡು ದಿನ ಅದು ಮುಳ್ಳಿನಂತೆ ಚುಚ್ಚುತ್ತಿತ್ತು, ಮಾತು ನಿಜವಾಗಿತ್ತಲ್ಲ! ನಾನು ಬಳಸಿದ್ದು ಕಿಟ್. ಕಿಟ್ ಎಂದರೆ ಹಾಪ್ಸ್ ಹೂವಿನ ಕಹಿಯನ್ನೂ ಸೇರಿಸಿ ಡಬ್ಬದಲ್ಲಿ ಮಾರುವ, ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಪಾಕ. ಅದಕ್ಕೆ ಒಂದು ಕಿಲೋ ಸಕ್ಕರೆ, 23 ಲೀಟರ್ ಆಗುವಷ್ಟು ನೀರು, ಮೇಲೆ ಯೀಸ್ಟ್ ಉದುರಿಸಿದರೆ ಮುಗಿಯಿತು.

ಕಾಳಿನಿಂದಲೇ ಮಾಡಬೇಕೆಂದು ಹೊರಟಾಗ ಮೊದಲು ಹೆದರಿಸಿದ್ದು ಖರ್ಚು. ಮೂರು ಪಾತ್ರೆ, ಪಂಪು, ತಣಿಸಲು ತಾಮ್ರದ ಸುರುಳಿ ಎಂದೆಲ್ಲ ಪಟ್ಟಿ ಬೆಳೆಯಿತು. ಯಾವುದನ್ನೂ ಕೊಳ್ಳಲಿಲ್ಲ. ಯಾರೋ ಮಾರುತ್ತಿದ್ದ 20 ಲೀಟರಿನ ಹಳೆಯ ಸ್ಟೀಲ್ ಪಾತ್ರೆ 12 ಪೌಂಡಿಗೆ ಸಿಕ್ಕಿತು. ದಾನ ಬಂದ ಹಳೆಯ ಸಾಮಾನು ಮಾರುವ ದತ್ತಿ ಅಂಗಡಿಯಿಂದ ಎರಡು ಪೌಂಡಿಗೆ ತಂದ ತೆಳು ಪಾಲಿಯೆಸ್ಟರ್ ಪರದೆಯನ್ನು ಚೀಲವಾಗಿ ಹೊಲಿದೆ. 15 ಲೀಟರ್ ನೀರು ಕಾಯಿಸಿ, ಚೀಲ ಇಳಿಬಿಟ್ಟು, ಅದರೊಳಗೆ 2.2 ಕಿಲೋ ಒಡೆದ ಮಾಲ್ಟ್ ಸುರಿದು, 66 ಡಿಗ್ರಿಯಲ್ಲಿ ನಿಲ್ಲಿಸಿ, ಪಾತ್ರೆಗೆ ಹಳೆಯ ರಜಾಯಿ ಸುತ್ತಿ ಒಂದು ಗಂಟೆ ಬಿಟ್ಟೆ. ಕುದಿಸಿದ ಮೇಲೆ ತಣಿಸಲು ಸ್ನಾನದ ತೊಟ್ಟಿಯ ತಣ್ಣೀರು ಸಾಕಾಯಿತು. ಕೊನೆಗೆ ಕೈಗೆ ಬರುವುದು 10 ಲೀಟರ್. ಲೆಕ್ಕ ಹಾಕಿದರೆ ಲೀಟರಿಗೆ ಬೀಳುವ ಖರ್ಚು ಕಿಟ್‌ಗಿಂತ ಕಡಿಮೆಯೇನಲ್ಲ. ಮಾಲ್ಟನ್ನು 25 ಕಿಲೋ ಮೂಟೆಯಲ್ಲಿ ಕೊಂಡರೆ ಮಾತ್ರ ಉಳಿತಾಯ ಕಾಣುತ್ತದೆ.

ನಾನು ತಂದದ್ದು ಮ್ಯಾರಿಸ್ ಆಟರ್ ಎಂಬ ತಳಿಯ ಬಾರ್ಲಿ. ಅದು ನಾನಿರುವ ಕೇಂಬ್ರಿಜ್‌ನದೇ ಕೂಸು. ಇಲ್ಲಿನ ಟ್ರಂಪಿಂಗ್ಟನ್‌ನ ಮ್ಯಾರಿಸ್ ಲೇನ್ ಎಂಬ ಬೀದಿಯಲ್ಲಿದ್ದ ಸಸ್ಯತಳಿ ಸಂಸ್ಥೆಯಲ್ಲಿ ಅದನ್ನು ಬೆಳೆಸಿ 1960ರ ದಶಕದಲ್ಲಿ ರೈತರಿಗೆ ಕೊಟ್ಟರು. ಸಂಸ್ಥೆಯ ಜಾಗದಲ್ಲಿ ಈಗ ಮನೆಗಳೆದ್ದಿವೆ. ಬೀದಿಯ ಹೆಸರು ಕಾಳಿನಲ್ಲಿ ಉಳಿದುಕೊಂಡಿದೆ.

ರಜಾಯಿ ಸುತ್ತಿಟ್ಟ ಒಂದು ಗಂಟೆಯ ನಂತರ, ಕುದಿಸುವ ಮೊದಲು, ಬಿಳಿಯ ಬಟ್ಟಲಿಗೆ ಒಂದು ಚಮಚ ರಸ ಹಾಕಿ ಅಯೋಡಿನ್ ತೊಟ್ಟಿಕ್ಕಿದೆ. ಪಿಷ್ಟ ಉಳಿದಿದ್ದರೆ ಅದು ಕಪ್ಪುನೀಲಿಯಾಗಬೇಕು. ತೊಟ್ಟು ಹರಡಿತು, ಕಂದು ಬಣ್ಣದಲ್ಲೇ ಉಳಿಯಿತು. ಇಡೀ ಪಾತ್ರೆಯ ಪಿಷ್ಟ ಸಕ್ಕರೆಯಾಗಿತ್ತು! ಯಾವ ಡಬ್ಬವೂ ಕೊಡದ ಸಂತೋಷ ಅದು.

ಚೀಲವನ್ನು ಮೇಲೆತ್ತಿ ಸೋರಲು ಬಿಟ್ಟಾಗಲೇ ಅಮ್ಮನ ವಿಡಿಯೊ ಕರೆ ಬಂತು. ಈ ಹವ್ಯಾಸವನ್ನು ಅವಳಿಂದ ಮುಚ್ಚಿಟ್ಟಿದ್ದೆ. ಮೊಬೈಲ್ ತಿರುಗಿಸುವಷ್ಟರಲ್ಲಿ ಅವಳ ಕಣ್ಣಿಗೆ ಬಿದ್ದಿತ್ತು. "ಏನೇ ಅದು, ರಾಗಿ ಮೊಳಕೆ ಕಟ್ಟಿದ್ದೀಯಾ?" ಸುಳ್ಳು ಹೇಳಲಾಗಲಿಲ್ಲ. ಬಾರ್ಲಿ, ಬಿಯರಿಗೆ ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು: "ಒಣಗಿಸುವಾಗ ಮೊಳಕೆ ಎಷ್ಟು ಉದ್ದ ಬಂದಿತ್ತು?"

ಮಾಲ್ಟ್ ಮಾಡುವವರು ಕಾಳು ಸೀಳಿ ನೋಡುವುದು ಇದನ್ನೇ. ಸಿಪ್ಪೆಯೊಳಗೆ ಬೆಳೆಯುವ ಕುಡಿ ಕಾಳಿನ ಮುಕ್ಕಾಲು ಉದ್ದ ಮುಟ್ಟಿದ ಮೇಲೆ ಒಣಗಿಸುತ್ತಾರೆ. ಮೊದಲೇ ನಿಲ್ಲಿಸಿದರೆ ಕಾಳಿನ ಒಳಗು ಗಟ್ಟಿಯಾಗಿಯೇ ಉಳಿಯುತ್ತದೆ, ತಡವಾದರೆ ಕುಡಿಯೇ ಪಿಷ್ಟವನ್ನು ತಿಂದುಬಿಡುತ್ತದೆ. ನಾನು ವಾರಗಟ್ಟಲೆ ಓದಿ ತಿಳಿದದ್ದು ಅಮ್ಮನ ಬಾಯಲ್ಲಿ ಮೊದಲ ಪ್ರಶ್ನೆಯಾಗಿ ಬಂತು.

ತಮ್ಮ ಹುಟ್ಟಿದಾಗ ನನಗೆ ಏಳು ವರ್ಷ. ನೆನೆದ ರಾಗಿಯನ್ನು ಬಿಳಿ ಪಂಚೆಯ ತುಂಡಿನಲ್ಲಿ ಕಟ್ಟಿ ಅಮ್ಮ ಒಲೆಯ ಪಕ್ಕ ಇಡುತ್ತಿದ್ದಳು. ಬೆಳಿಗ್ಗೆ ಗಂಟು ಬಿಚ್ಚಿದರೆ ಕೆಂಪು ಕಾಳಿನ ಮೇಲೆ ಬಿಳಿಯ ಎಳೆಗಳು ಬಟ್ಟೆಯ ನೇಯ್ಗೆಗೆ ಹೊಕ್ಕಿರುತ್ತಿದ್ದವು, ಬಿಡಿಸುವುದು ನನ್ನ ಕೆಲಸ. ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ವಸ್ತ್ರಗಾಲಿಸಿದ ಹಿಟ್ಟಿನಿಂದ ಮಗುವಿಗೆ ರಾಗಿ ಸರಿ ಎಂಬ ಗಂಜಿ. ಮೊಳಕೆ ಬರಿಸದ ರಾಗಿಯ ಗಂಜಿ ಬೇಗ ಗಟ್ಟಿಯಾಗುತ್ತದೆ, ಮೊಳಕೆಯದು ತೆಳುವಾಗಿ ಮಗುವಿನ ಗಂಟಲಲ್ಲಿ ಸರಾಗ ಇಳಿಯುತ್ತದೆ. ನನ್ನ ಪಾತ್ರೆಯಲ್ಲಿ ಬಾರ್ಲಿಯ ಪಿಷ್ಟವನ್ನು ಒಡೆದು ಸಕ್ಕರೆಯಾಗಿಸಿದ ಅದೇ ಅಮೈಲೇಸ್ ಕಿಣ್ವದ ಕೆಲಸ ಇದು. ರಾಗಿ ಮಾಲ್ಟ್ ಎಂದು ನಾವು ದಿನವೂ ಹೇಳುತ್ತೇವೆ. ಆದರೂ ಅಮ್ಮನ ಕೈಯಲ್ಲಿದ್ದದ್ದು ಒಂದು ವಿದ್ಯೆ ಎಂದು ಮನೆಯಲ್ಲಿ ಯಾರೂ ಅಂದದ್ದು ನೆನಪಿಲ್ಲ, ನಾನೂ ಅನ್ನಲಿಲ್ಲ. ಇಲ್ಲಿ ಅದೇ ಕೆಲಸ ಮಾಡುವವರನ್ನು ಕುಶಲಕರ್ಮಿಗಳೆಂದು ಹೆಸರು ಹಿಡಿದು ಗೌರವಿಸುವುದನ್ನು ಕಂಡಾಗ ನನಗೆ ನಾಚಿಕೆಯಾಗುತ್ತದೆ.

ಊರಿನ ಓದುಗರಿಗೆ ಒಂದು ಮಾತು: ಬಿಯರಿನ ಭಾಗವನ್ನು ಅಲ್ಲಿ ಮಾಡಲು ಹೋಗಬೇಡಿ. ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಕರ್ನಾಟಕದ ಅಬಕಾರಿ ಕಾಯ್ದೆಯಲ್ಲಿ ಅಪರಾಧ. ಇಂಗ್ಲೆಂಡಿನಲ್ಲಿಯೂ 1880ರಿಂದ ಮನೆಯ ಬಿಯರಿಗೆ ಪರವಾನಗಿ ಬೇಕಿತ್ತು; 1963ರಲ್ಲಿ ಅದನ್ನು ತೆಗೆದರು. ಮಾರುವಂತಿಲ್ಲ, ಅಷ್ಟೆ.

ಅಮ್ಮ ಕುಡಿತದ ಬಗ್ಗೆ ಏನೂ ಅನ್ನಲಿಲ್ಲ. "ಆ ಚರಟವನ್ನು ಏನು ಮಾಡುತ್ತೀಯ? ಹಸುವಿಗಾಗುತ್ತಿತ್ತು" ಎಂದಳು. ಇಲ್ಲಿ ಹಸು ಎಲ್ಲಿಂದ ತರಲಿ? ಬಿಸಿಯಾರಿದ ಮೇಲೆ ಬಕೆಟ್ಟಿಗೆ ತುಂಬಿ, ಪಕ್ಕದ ಮನೆಯ ಅಜ್ಜನ ಗೊಬ್ಬರದ ಗುಂಡಿಗೆ ಕೊಡಲು ಬೇಲಿಯ ಬಳಿ ಹೋದೆ. ಅವರು ಒಂದು ಹಿಡಿ ಎತ್ತಿ ಮೂಸಿದರು, ಒಂದು ಕಾಳು ಬಾಯಿಗೆ ಹಾಕಿಕೊಂಡರು.