ಇಪ್ಪತ್ತಾರು ಸೆಂಟಿಮೀಟರ್ ಟ್ಯಾಂಕಿಗೆ ನವಲಗುಂದದ ಮಣ್ಣು

ಮಾರ್ಚ್‌ನ್ಯಾಗ ಶುರು ಮಾಡಿದ್ದ ಟ್ಯಾಂಕು ಮೊನ್ನೆ ಅಂತೂ ಮುಗೀತ್ರಿ. ಟಿ-55 ಅನ್ನೋ ರಷ್ಯಾದ ಯುದ್ಧ ಟ್ಯಾಂಕಿನ ಪ್ಲಾಸ್ಟಿಕ್ ಮಾಡೆಲ್ ಇದು, ಬಿಡಿಭಾಗ ಕೂಡಿಸಿ ಮಾಡೋ ತಾಮಿಯಾ ಕಂಪನಿ ಕಿಟ್, 1/35 ಸ್ಕೇಲು, ಅಂದ್ರ ಖರೇ ಗಾಡಿ ಅಳತಿಯ 35ರಾಗ ಒಂದು ಪಾಲು. ಖರೇ ಗಾಡಿ ಗನ್ ಸೇರಿ ಒಂಬತ್ತು ಮೀಟರ್ ಉದ್ದ, 36 ಟನ್ ತೂಕ. ನಂದು ಇಪ್ಪತ್ತಾರು ಸೆಂಟಿಮೀಟರ್, ತೂಕ ಕಾಲು ಕೆಜಿ ಪೇಢೆ ಡಬ್ಬಿಗಿಂತ ಕಡಿಮಿ.

ಈ 35 ಯಾಕ, ಲೆಕ್ಕಕ್ಕ ಸಲೀಸಾಗಿ 30 ಇಲ್ಲಾ 40 ಇಡಬೇಕಿತ್ತಲ್ಲ ಅಂತ ನನಗೂ ಅನಿಸ್ತಿತ್ತು. ಅದರ ಹಿಂದ ದೊಡ್ಡ ಶಾಸ್ತ್ರ ಏನಿಲ್ಲ. 1960ರ ದಶಕದ ಶುರುವಿನ್ಯಾಗ ಜಪಾನಿನ ಶಿಝುಓಕಾದ ಈ ಕಂಪನಿಯವರು ಜರ್ಮನಿಯ ಪ್ಯಾಂಥರ್ ಟ್ಯಾಂಕ್ ಕಿಟ್ ಮಾಡಬೇಕಾದ್ರ ಒಳಗ ಮೋಟಾರು, ಬ್ಯಾಟರಿ ಹಿಡೀಬೇಕಿತ್ತು, ಅವು ಹಿಡಿಯೋ ಅಷ್ಟು ದೊಡ್ಡದು ಮಾಡಿದ್ರು, ಆಮ್ಯಾಲ ಲೆಕ್ಕ ಹಾಕಿದ್ರ 1/35 ಬಂತು. ಬ್ಯಾಟರಿ ಸೈಜಿನ ಮ್ಯಾಲ ಜಗತ್ತಿನ ಅರ್ಧ ಪ್ಲಾಸ್ಟಿಕ್ ಟ್ಯಾಂಕು ನಿಂತಾವ ನೋಡ್ರಿ.

ಟಿ-55 ಯಾಕ ಅಂದ್ರ ನಮ್ಮ ಕಾಕಾ. ಎಂಬತ್ತರ ದಶಕದಾಗ ಸೈನ್ಯದ ಆರ್ಮರ್ಡ್ (ಟ್ಯಾಂಕ್) ರೆಜಿಮೆಂಟಿನ್ಯಾಗ ಇದನ್ನ ಓಡಿಸಿದವರು, ಟ್ರೇನಿಂಗ್ ಅಹ್ಮದ್‌ನಗರದಾಗ, ಆಮ್ಯಾಲ ಭಾಳ ವರ್ಷ ಝಾನ್ಸಿ ಹತ್ರ ಬಬೀನಾದಾಗ. ಈಗ ನವಲಗುಂದದಾಗ ಹೊಲ ನೋಡ್ಕೊಂಡು ಇದ್ದಾರ. ಅವರಿಗೆ ಗೊತ್ತಾಗದಂಗ ಮಾಡಿ ಮುಗಿಸಿ ತೋರಿಸಬೇಕು ಅಂತ ನನ್ನ ಪ್ಲ್ಯಾನ್ ಇತ್ತು. ನಮ್ಮವ್ವನ ಬಾಯಾಗ ಗುಟ್ಟು ಎಲ್ಲಿ ನಿಲ್ತೈತಿ, ಎರಡನೇ ವಾರಕ್ಕ ಕಾಕಾ ಹುಬ್ಬಳ್ಳಿ ಬಸ್ ಹತ್ತಿ ಬಂದ ಬಿಟ್ರು.

ಆ ಹೊತ್ತಿಗೆ ಹಲ್, ಅಂದ್ರ ಟ್ಯಾಂಕಿನ ಕೆಳಗಿನ ಮೈ ಕೂಡಿಸಿ, ಗೋಪುರದ ಕೆಲಸಕ್ಕ ಕುಂತಿದ್ದೆ. ಗೋಪುರ ಅಂದ್ರ ಟರೆಟ್, ಮ್ಯಾಲ ಗನ್ ಹೊತ್ತು ತಿರುಗೋ ಭಾಗ. ಟಿ-55ದು ಹಲ್ ಪ್ಲೇಟ್ ವೆಲ್ಡಿಂಗ್ ಮಾಡಿದ್ದು, ಟರೆಟ್ ಎರಕ ಹೊಯ್ದಿದ್ದು, ಹಂಗಾಗಿ ಎರಡರ ಮೈ ಒಂದೇ ಥರ ಕಾಣಬಾರದು. ನಾ ಗೋಕುಲ ರೋಡ್ ಇಂಡಸ್ಟ್ರಿಯಲ್ ಏರಿಯಾದಾಗ ಇನ್‌ಸ್ಪೆಕ್ಷನ್ ಕೆಲಸ ಮಾಡಾಂವ, ದಿನಾ ಕಾಸ್ಟಿಂಗ್ ಮ್ಯಾಲ ಕೈ ಆಡಿಸ್ತೀನಿ, ಹಿಂಗಾಗಿ ಈ ವಿಷಯದಾಗ ನನಗ ಸ್ವಲ್ಪ ಜಂಬ. ಭಾಳ ಮಂದಿ ಟರೆಟ್ಟನ್ನ ಹಲಸಿನಕಾಯಿ ಮಾಡಿಡ್ತಾರ, ಖರೇ ಎರಕ ಹಂಗಿರೂದಿಲ್ಲ, ಕಣ್ಣಿಗಿಂತ ಬೆರಳಿಗೆ ಜಾಸ್ತಿ ಗೊತ್ತಾಗತೈತಿ. ತೆಳ್ಳನ ಪ್ಲಾಸ್ಟಿಕ್ ಸಿಮೆಂಟ್ ಒಂದೀಟ ಹಚ್ಚಿದ್ರ ಪ್ಲಾಸ್ಟಿಕ್ಕು ಮ್ಯಾಲ ಮ್ಯಾಲ ಕರಗತೈತಿ, ಆವಾಗ ಹಳೇ ಬ್ರಷ್ಷಿನ ತುದೀಲೆ ಟಪಟಪ ಕುಟ್ಟಬೇಕು, ಒಣಗಿದ ಮ್ಯಾಲ 600 ನಂಬರ್ ಪಾಲಿಶ್ ಪೇಪರ್ ಹಗೂರಕ ಆಡಿಸಬೇಕು, ಅಷ್ಟ.

ಕಾಕಾ ಚಸ್ಮಾ ಹಾಕ್ಕೊಂಡ್ರು, ಎತ್ತಿ ನೋಡಿದ್ರು. ಟರೆಟ್ ಚಂದ ಬಂದೈತಿ ಅಂತಾರೇನೋ ಅಂತ ಕಾಯಾಕತ್ತಿದ್ದೆ.

“ಲೇ ತಮ್ಮಾ, ಈ ಉಬ್ಬು ಇಲ್ಲ್ಯಾಕ ಐತಿ?”

ಗನ್ನಿನ ಬಾಯಿ ಹತ್ರ ಒಂದು ದಪ್ಪನ ಉಬ್ಬು ಇರತೈತಲ್ರಿ, ಗುಂಡು ಹೊಡೆದ ಮ್ಯಾಲ ಹೊಗಿ ಟರೆಟ್ ಒಳಗ ವಾಪಸ್ ಬರದಂಗ ತಡಿಯೋದು, ಅದು. ರಷ್ಯಾದ 100 ಎಂಎಂ ಗನ್ನಿಗೆ ಅದು ತುದಿಯೊಳಗ ಇರತೈತಿ, ಕಿಟ್‌ನ್ಯಾಗ ಇರೂದೂ ಅದ. ಆದ್ರ ನಮ್ಮ ಆರ್ಮಿಯವರು ಭಾಳ ಟಿ-55ಗಳಿಗೆ ಆಮ್ಯಾಲ 105 ಎಂಎಂ ಗನ್ ಕೂಡಿಸಿದ್ರು, ಅದರದು ಉಬ್ಬು ನಳಿಗಿ ನಡುವ ಬರತೈತಿ. ನನಗಿದು ಗೊತ್ತಿರಲಿಲ್ಲ ಅಂತಲ್ಲ, ಯಾರು ನೋಡ್ತಾರ ಬಿಡು ಅಂತ ಬಿಟ್ಟಿದ್ದೆ. ಅದರ ಕೆಳಗ ವರ್ಷಗಟ್ಟಲೆ ಕುಂತು ಗಾಡಿ ಓಡಿಸಿದ ಮನಷ್ಯಾಗ ಬಿಡು ಅಂದ್ರ ಹೆಂಗ ನಡೀತೈತಿ. ಹಳೇ ಪೇಂಟ್ ಬ್ರಷ್ಷಿನ ಕಟಗಿ ಹಿಡಿಕಿ ತುದಿಗೆ ಸಣ್ಣ ಆಗ್ತಾ ಹೋಗತೈತಲ್ಲ, ಅದನ್ನ ಕೊಯ್ದು ನಳಿಗಿ ಮಾಡಿದೆ, ನಡುವ ಮಾಸ್ಕಿಂಗ್ ಟೇಪ್ ಸುತ್ತಿ ಫೆವಿಕ್ವಿಕ್ ಕುಡಿಸಿ ಉಬ್ಬು ಮಾಡಿದೆ. ತುದಿಗೆ ಕೈಯಿಂದ ಡ್ರಿಲ್ ಹಾಕಬೇಕಾದ್ರ ಎರಡು ಹಿಡಿಕಿ ಸೀಳಿದ್ವು. ಮೂರನೇದು ನಿಂತಿತು.

ಗಾಲಿ ಬಗ್ಗೆ ಜಾಸ್ತಿ ಹೇಳಂಗಿಲ್ಲ. ಒಂದ್ ಬದಿಗೆ ಐದು, ಒಂದೊಂದೂ ಜೋಡಿ, ಒಟ್ಟು ಇಪ್ಪತ್ತು ರಬ್ಬರ್ ಅಂಚಿಗೆ ಬಣ್ಣ. ಟೂತ್‌ಪಿಕ್ ಮ್ಯಾಲ ಗಾಲಿ ಚುಚ್ಚಿ ತಿರುಗಿಸ್ತಾ ಹೋದ್ರ ಬ್ರಷ್ ತಾನ ಗೆರಿ ಹೊಡೀತೈತಿ. ಒಂದು ಐಪಿಎಲ್ ಮ್ಯಾಚ್ ಹಿಡೀತು.

ಬಣ್ಣದ ಕಥಿ ಬ್ಯಾರೇನ ಐತಿ. ಹೊಸಾ ಏರ್‌ಬ್ರಷ್ ತರಿಸಿದ್ದೆ, ಗಾಳಿಲೆ ಬಣ್ಣ ಹೊಡಿಯೋ ಸಣ್ಣ ಸ್ಪ್ರೇ ಗನ್, 0.3 ಮಿಲಿಮೀಟರ್ ನಾಜಲ್. ಏಪ್ರಿಲ್ ಮಧ್ಯಾಹ್ನ, ಟೆರೇಸ್ ಮ್ಯಾಲ ತಗಡಿನ ಶೆಡ್‌ನ್ಯಾಗ ಕುಂತು ಹಸರು ಬಣ್ಣ ಹೊಡದೆ, ಕೈ ಆಡಿಸಿದ್ರ ಉಸುಕಿನ ಮ್ಯಾಲ ಆಡಿಸಿದಂಗ ಆತು. ಇನ್ನೂ ದೂರ ಹಿಡಿದು ಹೊಡದೆ, ಇನ್ನೂ ಉಸುಕು. ಆಮ್ಯಾಲ ನೆನಪಾತು, ಹಳೇ ಹುಬ್ಬಳ್ಳಿ ಕಡೆ ನಮ್ಮ ಪರಿಚಯದವರೊಬ್ಬರು ಗಣಪತಿ ಮಾಡ್ತಾರ, ಪೀತಾಂಬರದ ಶೇಡಿಂಗ್ ಎಲ್ಲಾ ಸ್ಪ್ರೇ ಗನ್ನಿಲೇನ ಹೊಡಿಯೋದು. ಟ್ಯಾಂಕ್ ತಗೊಂಡ ಹೋದೆ. ಅವರು ನಕ್ಕೊಂತ ಬೆರಳಿಲೆ ಒಂದ್ಸಲ ಒರೆಸಿದ್ರು. “ಬಣ್ಣ ಗಾಳ್ಯಾಗ ಒಣಗಿ ಪುಡಿ ಆಗಿ ಬೀಳಾಕತ್ತೈತ್ರಿ. ಬಿಸಲು ಹೆಂಗೈತಿ ನೋಡ್ರಿ. ತೆಳ್ಳಗ ಮಾಡ್ರಿ, ಹತ್ರ ಬರ್ರಿ, ಗಾಳಿ ಕಡಿಮಿ ಇಡ್ರಿ” ಅಂದ್ರು. ನಾ ತಿಂಗಳಗಟ್ಟಲೆ ನೋಡಿದ ವಿಡಿಯೋದಾಗ ಯಾರೂ ಹುಬ್ಬಳ್ಳಿ ಏಪ್ರಿಲ್ ಲೆಕ್ಕಕ್ಕ ಹಿಡಿದಿರಲಿಲ್ಲ. ಮೆಡಿಕಲ್ ಶಾಪಿಂದ ಐಸೋಪ್ರೊಪೈಲ್ ಆಲ್ಕೋಹಾಲ್ ತಂದು ಎಲ್ಲಾ ತೊಳದು ತಗದೆ (ತಾಮಿಯಾ ಅಕ್ರಿಲಿಕ್ ಅದರಾಗ ಕರಗತೈತಿ, ತೆಳ್ಳಗ ಮಾಡಾಕೂ ಅದ ನಡೀತೈತಿ), ಬೆಳಿಗ್ಗೆ ಆರಕ್ಕ ಎದ್ದು, ಮೂರು ಬೆರಳಿನಷ್ಟು ದೂರದಿಂದ, ಗಾಳಿ ಒತ್ತಡ ಹದಿನೈದು ಪಿಎಸ್‌ಐ ಇಟ್ಟು ಹೊಡದೆ. ಬೆಣ್ಣಿ ಆತು. ಹಸರಿನ್ಯಾಗ ಒಂದು ನಾಲ್ಕು ಹನಿ ತಿಳಿ ಹಳದಿ ಕೂಡಿಸಿದ್ದೆ, ಖರೇ ಟ್ಯಾಂಕಿನ ಬಣ್ಣ ಇದ್ದಂಗ ಹೊಡದ್ರ ಇಷ್ಟು ಸಣ್ಣ ಸಾಮಾನಿನ ಮ್ಯಾಲ ಕಪ್ಪಗ ಕಾಣತೈತಿ.

ಇನ್ನ ಜಂಗಿನ ವಿಷಯ. ಮಾಡೆಲ್ ಮಾಡೋರಿಗೆ ಜಂಗು ಅಂದ್ರ ಭಾಳ ಪ್ರೀತಿ. ಎಣ್ಣಿ ಬಣ್ಣ ತೆಳ್ಳಗ ಮಾಡಿ ಸಂದಿಯೊಳಗ ಇಳಿಸೋದು, ಸ್ಪಂಜಿಲೆ ಬಣ್ಣ ಕಿತ್ತಿದಂಗ ಚುಕ್ಕಿ ಇಡೋದು, ಬೋಲ್ಟಿಂದ ಕೆಳಗ ಕೇಸರಿ ಗೆರಿ ಎಳಿಯೋದು. ನಾನೂ ಒಂದು ರವಿವಾರ ಪೂರ್ತಿ ಕುಂತು ಇದನ್ನೆಲ್ಲಾ ಮಾಡಿ ಫೋಟೋ ಕಾಕಾಗ ಕಳಿಸಿದೆ. ಎರಡ ನಿಮಿಷಕ್ಕ ಫೋನ್ ಬಂತು.

“ಏನಲೇ ಇದು, ಗುಜರಿಗೆ ಹಾಕೋ ಗಾಡಿ ಏನು?”

“ವೆದರಿಂಗ್ ಅಂತಾರ ಕಾಕಾ ಅದಕ್ಕ.”

“ಇಷ್ಟು ಜಂಗ್ ಹಿಡಿದಿದ್ದು ನಮ್ಮ ರಿಸಾಲ್ದಾರ್ ಸಾಹೇಬ್ರು ನೋಡಿದ್ರ ನನ್ನ ಚರ್ಮಾ ಸುಲೀತಿದ್ರು. ಎಕ್ಸರ್‌ಸೈಜಿಂದ ಬಂದ ಕೂಡ್ಲೇ ಊಟಾ ಇಲ್ಲ ನಿದ್ದಿ ಇಲ್ಲ, ಮೊದಲ ಗಾಡಿ ತೊಳಿ. ನಾ ಜಲ್ಮ ಪೂರ್ತಿ ತೊಳದದ್ದನ್ನ ನೀ ಹಚ್ಚಾಕತ್ತೀಯಲ್ಲೋ!”

ಮತ್ತ ಎಲ್ಲಿ ಸವೀತಿತ್ತು ಅಂತ ಕೇಳಿದೆ, ಆವಾಗ ಕಾಕಾ ಬಾಯಿ ಬಿಚ್ಚಿದ್ರು. ಡ್ರೈವರ್ ಹ್ಯಾಚ್ ಮುಂದ, ದಿನಾ ಬೂಟಿಟ್ಟು ಹತ್ತೋ ಜಾಗದಾಗ ಬಣ್ಣ ಹೋಗಿ ಕಬ್ಬಣ ಮಿಂಚ್ತಿತ್ತಂತ, ಜಂಗ್ ಅಲ್ಲ, ಮಿಂಚು. ಟ್ರ್ಯಾಕು, ಅಂದ್ರ ಗಾಲಿ ಸುತ್ತ ಓಡೋ ಕಬ್ಬಣದ ಪಟ್ಟಿ, ಅದರ ನೆಲಕ್ಕ ತಾಗೋ ಭಾಗನೂ ಹಂಗ, ಉಜ್ಜಿದ ಬೆಳ್ಳಿ. ಎಡಗಡೆ ಫೆಂಡರ್ ಮ್ಯಾಲ ಸೈಲೆನ್ಸರ್ ಬಾಯಿ ಬರತೈತಲ್ಲ, ಅದರ ಸುತ್ತ ಮಸಿ, ಆ ಎಕ್ಸಾಸ್ಟಿನ್ಯಾಗ ಡೀಸೆಲ್ ಬಿಟ್ಟು ಬೇಕಂತ ಬೆಳ್ಳನ ಹೊಗಿ ಎಬ್ಬಿಸೋ ವ್ಯವಸ್ಥಾನೂ ಈ ಗಾಡಿಗೆ ಇತ್ತು. ಮತ್ತ ಇಡೀ ಗಾಡಿ ರಾಡಿ ಆಗಿದ್ರೂ ಡ್ರೈವರ್ ಪೆರಿಸ್ಕೋಪಿನ ಗಾಜು ಮಾತ್ರ ಕನ್ನಡಿ ಇದ್ದಂಗ ಇರ್ತಿತ್ತು, ಇಲ್ಲಂದ್ರ ಓಡಿಸೋದು ಹೆಂಗ? ಇದನ್ನ ಯಾವ ವಿಡಿಯೋದಾಗೂ ನಾ ಕೇಳಿರಲಿಲ್ಲ. ಕೇಸರಿ ಗೆರಿ ಎಲ್ಲಾ ಟರ್ಪಂಟೈನ್ ಹಚ್ಚಿ ಅಳಿಸಿದೆ. ಟ್ರ್ಯಾಕನ್ನೂ ಕಾಕಾನ ಮಾತಿನಂಗ ಸಡಲ ಬಿಟ್ಟೆ. ಟಿ-55ಕ್ಕ ಮ್ಯಾಲ ಟ್ರ್ಯಾಕು ಎತ್ತಿ ಹಿಡಿಯೋ ಸಣ್ಣ ಗಾಲಿ (ರಿಟರ್ನ್ ರೋಲರ್) ಇಲ್ಲ, ಟ್ರ್ಯಾಕು ಜೋತು ಬಿದ್ದು ಗಾಲಿ ಮ್ಯಾಲ ಮಲಗಿರತೈತಿ, ಕಿಟ್‌ನ್ಯಾಗಿನ ಬೆಲ್ಟು ಹಂಗ ಮಲಗೂದಿಲ್ಲ, ಒಂದೊಂದ ಗಾಲಿಗೆ ಫೆವಿಕ್ವಿಕ್ ಹಾಕಿ ಒತ್ತಿ ಹಿಡೀಬೇಕು, ನನ್ನ ಬೆರಳೂ ಎರಡ ಸಲ ಟ್ಯಾಂಕಿಗೆ ಅಂಟಿದ್ವು.

ಟ್ಯಾಂಕು ನಿಲ್ಲಿಸೋ ಬೇಸ್‌ಗೆ ಮೊದಲ ರಾಜಸ್ಥಾನದ ಉಸುಕು ಮಾಡಬೇಕಂತಿದ್ದೆ, ಫೋಟೋದಾಗ ಚಂದ ಕಾಣತೈತಿ. ಕಾಕಾ ಬ್ಯಾಡಂದ್ರು. ಅವರು ಟಿ-55 ಓಡಿಸಿದ್ದು ಬಬೀನಾ ಇರೋ ಬುಂದೇಲಖಂಡದಾಗ, ಅಲ್ಲಿ ಕೆಂಪು ಮಣ್ಣೂ ಐತಿ, ನಮ್ಮ ಎರಿಯಂಥಾ ಕರೀ ಮಣ್ಣೂ ಐತಿ. ಅಲ್ರಿ, ಧಾರವಾಡದಿಂದ ಪಶ್ಚಿಮಕ್ಕ ಕೆಂಪು ಮಸಾರಿ, ಹುಬ್ಬಳ್ಳಿ ದಾಟಿ ನವಲಗುಂದದ ಕಡೆ ಕರೀ ಎರಿ, ಎರಡೂ ಮನಿ ಬಾಗಿಲಿಗೆ ಇಟ್ಕೊಂಡು ನಾ ಡಬ್ಬಿ ಪಿಗ್ಮೆಂಟ್ (ಬಣ್ಣದ ಪುಡಿ) ಆರ್ಡರ್ ಮಾಡಾಕ ಹೊಂಟಿದ್ದೆ. ಸಣ್ಣಾಂವಿದ್ದಾಗ ಮಣ್ಣೆತ್ತಿನ ಅಮಾವಾಸಿಗೆ ಅದ ಹೊಲದ ಎರಿ ತಂದು ಎತ್ತು ಮಾಡಿದ್ದೆ, ಖರೇ ನನ್ನ ಮೊದಲನೇ ಸ್ಕೇಲ್ ಮಾಡೆಲ್ ಅಂದ್ರ ಅದ.

ಕಾಕಾನ ಹೊಲದ್ದು ಒಂದ್ ಚೀಲ ತಂದೆ, ಕುಟ್ಟಿ, ಹಳೇ ಧೋತರದ ಅರಿವಿಯೊಳಗ ಸೋಸಿದೆ. ಫೆವಿಕಾಲು, ನೀರು ಕಲಸಿ ಹಲಗಿ ಮ್ಯಾಲ ಹರವಿ ಮಲಕ್ಕೊಂಡೆ. ಬೆಳಿಗ್ಗೆ ಎದ್ದು ನೋಡಿದ್ರ ಇಡೀ ಬೇಸು ಹಂಚು ಒಡದಂಗ ಬಿರುಕ ಬಿರುಕ! ಎರಿ ಮಣ್ಣಿನ ಗುಣಾನ ಅದಲ್ರಿ, ನೀರು ಕುಡದು ಉಬ್ಬತೈತಿ, ಒಣಗಿದ್ರ ಕುಗ್ಗಿ ಸೀಳತೈತಿ. ರೈತನ ಮನಿಯಾಂವ ಆಗಿ ಇಷ್ಟೂ ತಿಳೀಲಿಲ್ಲ ನನಗ. ಕಿತ್ತು ಒಗಿಯಾಕ ಹೊಂಟಾಂವ ಸ್ಕೇಲ್ ಹಿಡಿದು ಒಂದು ಬಿರುಕು ಅಳದೆ, ಮೂರು ಮಿಲಿಮೀಟರ್. 35ರಿಂದ ಗುಣಿಸಿದ್ರ ಹತ್ತು ಸೆಂಟಿಮೀಟರ್ ಮ್ಯಾಲ. ಬ್ಯಾಸಿಗ್ಯಾಗ ಕಾಕಾನ ಹೊಲದಾಗ ಕೈ ಹೋಗೋ ಅಂಥಾ ಬಿರುಕು ಇರ್ತಾವಲ್ಲ, ಬರೋಬ್ಬರಿ ಅಷ್ಟ! ಹಂಗ ಬಿಟ್ಟೆ. ಗಾಲಿಗೂ ಅದ ಮಣ್ಣಿನ ಪುಡಿ ಹಚ್ಚಿದೆ, ಒಣ ಎರಿ ಕಪ್ಪಗಿರೂದಿಲ್ಲ, ಬೂದಿ ಬಣ್ಣಕ್ಕ ಬರತೈತಿ, ಇದು ಗೊತ್ತಿಲ್ದ ಮೊದಲ ಕರೀ ಬಣ್ಣ ಹಚ್ಚಿ ಕೆಡಿಸಿದ್ದೆ.

ಕಡೀಗೆ ಮ್ಯಾಟ್ ವಾರ್ನಿಶ್. ಜುಲೈ, ಜಿಟಿಜಿಟಿ ಮಳಿ, ತಡೀಲಾರದ ಹೊಡದೆ. ತಂಪು ಗಾಳಿಯೊಳಗಿನ ನೀರು ಹಿಡ್ಕೊಂಡು ಇಡೀ ಟ್ಯಾಂಕು ವಿಭೂತಿ ಹಚ್ಚಿಕೊಂಡು ಕುಂತಿತು. ಎರಡು ದಿನ ಮಳಿ ಬಿಡ್ತು, ಬಿಸಲು ಬಿದ್ದ ಮ್ಯಾಲ ಬರೇ ಥಿನ್ನರ್ ಒಂದು ತೆಳ್ಳನ ಕೋಟ್ ಹೊಡದೆ, ಬಿಳುಪು ಮುಕ್ಕಾಲು ಹೋತು. ಉಳಿದ ಕಾಲು ಭಾಗಕ್ಕ ಧೂಳು ಅಂತ ಹೆಸರಿಟ್ಟೀನಿ.

ಮೊನ್ನೆ ಕಾಕಾ ಬಂದ್ರು. ಈ ಟ್ಯಾಂಕಿನ ಹಿಂಬದಿಗೆ ಒಂದು ಕಟಗಿ ದಿಮ್ಮಿ ಇರತೈತಲ್ಲ, ನಾ ಕಿಟ್‌ನ ಪ್ಲಾಸ್ಟಿಕ್ ಬಿಟ್ಟು ಬೇವಿನ ಕಡ್ಡಿ ಇಟ್ಟಿದ್ದೆ, ಇನ್ನೂ ಕಟ್ಟಿರಲಿಲ್ಲ. ಅದನ್ನ ನೋಡಿದ್ದ ಕಾಕಾ ಕುರ್ಚಿ ಎಳಕೊಂಡು ಕುಂತ್ರು. ಇಂಥಾ ಕರೀ ಮಣ್ಣಾಗ ಮಳಿ ಬಂದು ಗಾಡಿ ಹೊಟ್ಟಿ ಮಟಾ ಹೂತ್ರ ಆ ದಿಮ್ಮಿ ಇಳಿಸಿ ಎರಡೂ ಟ್ರ್ಯಾಕಿಗೆ ಅಡ್ಡ ಕಟ್ಟೋದು, ಹಗೂರಕ ಗಾಡಿ ಬಿಟ್ರ ಟ್ರ್ಯಾಕು ದಿಮ್ಮೀನ ಕೆಳಗ ಎಳಕೊಂಡು ಅದರ ಮ್ಯಾಲ ತಾನ ಹತ್ತಿ ಬರತೈತಿ. “ಗಂಟು ಸಡಲ ಇದ್ರ ಎಲ್ಲಾ ಹಾಳು, ತಾ ಇಲ್ಲೆ” ಅಂತ ನನ್ನ ಕೈಯಾಗಿನ ದಾರ ಕಸಗೊಂಡು ತಾವ ಕಟ್ಟಾಕ ಕುಂತ್ರು. ಎಳದ್ರು, ಇನ್ನೊಂದ್ಸಲ ಎಳದ್ರು, ಡೀಸೆಲ್ ಡ್ರಮ್ಮಿನ ಬ್ರ್ಯಾಕೆಟ್ ಪಟ್ ಅಂತ ಮುರೀತು.

“ಇಷ್ಟಕ್ಕ ಮುರಿಯೋ ಗಾಡಿ ಯಾವ ಯುದ್ಧಕ್ಕ ಹೋಗತೈತಲೇ?” ಅಂತ ತಪ್ಪು ನನ್ನ ಮ್ಯಾಲ ಹಾಕಿ ಚಾ ಕುಡಿಯಾಕ ಎದ್ರು.

ಬ್ರ್ಯಾಕೆಟ್ ಅಂಟಿಸೀನಿ. ಕಾಕಾನ ಗಂಟು ಹಂಗ ಐತಿ, ಸ್ಕೇಲ್ ಲೆಕ್ಕದಾಗ ನೋಡಿದ್ರ ತೆಂಗಿನಕಾಯಿಯಷ್ಟು ದಪ್ಪ ಅದು.