ಪ್ಲಾಸ್ಟಿಕ್ ತೋರಣಕ್ಕೂ ಜೀವ ಇದೆ ಅಂದ ಪೆಟ್ಟಿಗೆ

ಒಳಗಿಟ್ಟದ್ದಕ್ಕೆ ಜೀವ ಇದೆಯೋ ಇಲ್ಲವೋ ಅಂತ ಬೆಳಕು ನೋಡಿ ಹೇಳೋಕೆ ನಾನು ಮಾಡಿದ ಪೆಟ್ಟಿಗೆಯ ಗ್ರಾಫ್ ನಿನ್ನೆ ರಾತ್ರಿ ಹನ್ನೊಂದೂವರೆಗೆ ಕೊನೆಗೂ ನೆಟ್ಟಗೆ ಬಂತು. ವೀಳ್ಯದೆಲೆಯ ಗೆರೆ ಸರ್ರನೆ ಏರಿ, ಆಮೇಲೆ ನಿಧಾನಕ್ಕೆ ಇಳಿಯಿತು. ಪ್ಲಾಸ್ಟಿಕ್ ಎಲೆಯ ಗೆರೆ ಅಲ್ಲಾಡಲೇ ಇಲ್ಲ. ಇಷ್ಟನ್ನು ನೋಡೋಕೆ ಆರು ವಾರ ಬೇಕಾಯಿತು. ಮಲಗಿದ್ದ ಅಮ್ಮನನ್ನು ಎಬ್ಬಿಸಿ ತೋರಿಸಿದೆ. "ಚೆನ್ನಾಗಿದೆ ಕಣೇ, ಈಗಲಾದರೂ ಮಲಕ್ಕೋ" ಅಂದರು.

ನನ್ನ ವಾರದ ಕೆಲಸ ಬೇರೆ ನಕ್ಷತ್ರಗಳ ಸುತ್ತ ತಿರುಗುವ ಗ್ರಹಗಳ ಬೆಳಕನ್ನು ಬಿಡಿಸಿ, ಅಲ್ಲಿನ ಗಾಳಿಯಲ್ಲಿ ಏನಿರಬಹುದು ಅಂತ ಲೆಕ್ಕ ಹಾಕುವುದು. ಶನಿವಾರದ ಕೆಲಸ ಅದನ್ನೇ ಶಾಲೆ ಮಕ್ಕಳ ಕೈಗೆ ಕೊಡುವುದು. ಅದಕ್ಕೇ ಈ ಪೆಟ್ಟಿಗೆ. ಒಳಗೆ ಬೆಳಕನ್ನು 18 ಬಣ್ಣಗಳಲ್ಲಿ, ಅಂದರೆ 18 ಚಾನೆಲ್‌ಗಳಲ್ಲಿ, ಬೇರೆ ಬೇರೆಯಾಗಿ ಅಳೆಯುವ ಎಎಸ್7265ಎಕ್ಸ್ ಸೆನ್ಸರ್, ಅದನ್ನು ನಡೆಸೋಕೆ ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಚಿಪ್, ಒಂದು ಹ್ಯಾಲೊಜೆನ್ ಬಲ್ಬ್. ಒಳಗೇನಿದೆ ಅಂತ ಮಕ್ಕಳಿಗೆ ಕಾಣುವುದಿಲ್ಲ. ಬರೀ ಗ್ರಾಫ್ ನೋಡಿ, ಒಳಗಿರುವುದು ಜೀವ ಇರುವ ವಸ್ತುವೋ ಅಲ್ಲವೋ ಹೇಳಬೇಕು. ದೂರದ ಗ್ರಹದ ಮುಂದೆ ನಾವು ಇರುವುದೂ ಹಾಗೇ ಅಲ್ವಾ? ಹೋಗಿ ಮುಟ್ಟುವ ಹಾಗಿಲ್ಲ. ಬೆಳಕು ಬಿಟ್ಟರೆ ಕೈಗೆ ಇನ್ನೇನೂ ಸಿಗುವುದಿಲ್ಲ.

ಪೆಟ್ಟಿಗೆ ಕೂಡಿಸಿದ್ದು, ಬೆಸುಗೆ, ಕೋಡ್ ಎಲ್ಲ ಇಲ್ಲಿ ಬಿಡುತ್ತೇನೆ. ಹ್ಯಾಲೊಜೆನ್ ಬಗ್ಗೆ ಮಾತ್ರ ಒಂದು ಮಾತು. ಬಿಳಿ ಎಲ್‌ಇಡಿಯಲ್ಲಿ 700 ನ್ಯಾನೋಮೀಟರ್ (ಬೆಳಕಿನ ಅಲೆಯ ಉದ್ದದ ಅಳತೆ, ಕಣ್ಣಿಗೆ ಕಾಣುವ ಕೆಂಪು ಸುಮಾರು ಇಲ್ಲಿಗೆ ಮುಗಿಯುತ್ತದೆ) ದಾಟಿದ ಮೇಲೆ ಬೆಳಕು ಹೆಚ್ಚುಕಮ್ಮಿ ಇರುವುದೇ ಇಲ್ಲ. ನಮಗೆ ಬೇಕಾದ ಆಟ ನಡೆಯುವುದೆಲ್ಲ ಅಲ್ಲೇ. ಮೈಸೂರಿನಲ್ಲಿ ನಾಲ್ಕು ಎಲೆಕ್ಟ್ರಿಕಲ್ ಅಂಗಡಿ ಸುತ್ತಿದೆ. ನಾಲ್ಕರಲ್ಲೂ "ಈಗ ಅದೆಲ್ಲ ಯಾರು ತಗೋತಾರೆ ಮೇಡಂ, ಎಲ್‌ಇಡಿ ತಗೊಳ್ಳಿ" ಅಂತಲೇ ಉತ್ತರ. ಕೊನೆಗೆ ಸಿಕ್ಕಿದ್ದು ಬೈಕ್ ಸ್ಪೇರ್ಸ್ ಅಂಗಡಿಯಲ್ಲಿ. ಹೆಡ್‌ಲೈಟಿನ 12 ವೋಲ್ಟ್, 35 ವ್ಯಾಟ್ ಬಲ್ಬು. ಬೆಲೆಯೂ ಕಡಿಮೆ, ಬೆಳಕೂ ಅಚ್ಚುಕಟ್ಟು. ಯಾರಾದರೂ ಮಾಡುವವರಿದ್ದರೆ ನೇರ ಅಲ್ಲಿಗೇ ಹೋಗಿ.

ಮೊದಲ ಪ್ರದರ್ಶನ ನಂಜನಗೂಡಿನ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ. ಪೆಟ್ಟಿಗೆಯ ಲೆಕ್ಕ ತುಂಬ ಸರಳವಾಗಿತ್ತು. ಹಸಿರೆಲೆ ಕೆಂಪು ಬೆಳಕನ್ನು ಕುಡಿದುಬಿಡುತ್ತದೆ, ಆದರೆ ಕೆಂಪಿನಾಚೆಯ ಅವಕೆಂಪನ್ನು (ಇನ್‌ಫ್ರಾರೆಡ್) ಹಾಗೇ ವಾಪಸ್ ಎಸೆಯುತ್ತದೆ. 680 ನ್ಯಾನೋಮೀಟರಿನಲ್ಲಿ ಕತ್ತಲು, 750 ದಾಟಿದರೆ ಹೊಳಪು. ನಡುವೆ ಗೋಡೆ ಎದ್ದ ಹಾಗೆ ಒಂದು ಏರು. ಇದೇ ರೆಡ್ ಎಡ್ಜ್. ನಾನು 645 ಮತ್ತು 860ರ ಚಾನೆಲ್ ತಗೊಂಡು, ಕೆಂಪಿಗಿಂತ ಅವಕೆಂಪು ಎಷ್ಟು ಜಾಸ್ತಿ ಅಂತ ಉಪಗ್ರಹದಿಂದ ಬೆಳೆ ನೋಡುವವರು ಹಾಕುವ ಎನ್‌ಡಿವಿಐ ಲೆಕ್ಕವನ್ನೇ ಹಾಕಿದ್ದೆ. ಅಂಕಿ ಜಾಸ್ತಿ ಬಂದರೆ ಹಸಿರು ದೀಪ ಹತ್ತುತ್ತದೆ.

ವೀಳ್ಯದೆಲೆ ಇಟ್ಟೆ, ದೀಪ ಹತ್ತಿತು. ಕಲ್ಲು, ಇಟ್ಟಿಗೆ ಚೂರು, ಹಸಿರು ಸೀಮೆಸುಣ್ಣ, ಯಾವುದಕ್ಕೂ ಹತ್ತಲಿಲ್ಲ. ಮಕ್ಕಳು ಚಪ್ಪಾಳೆ ಹೊಡೆದರು. ಅಷ್ಟರಲ್ಲಿ ಏಳನೇ ಕ್ಲಾಸಿನ ಒಬ್ಬ ಹುಡುಗಿ ಎದ್ದು ಹೋಗಿ ಕ್ಲಾಸಿನ ಬಾಗಿಲಿಗೆ ಕಟ್ಟಿದ್ದ ಮಾವಿನ ತೋರಣ ಬಿಚ್ಚಿಕೊಂಡು ಬಂದಳು. ಪ್ಲಾಸ್ಟಿಕ್ಕಿನದು. ಎರಡು ವರ್ಷದ ಧೂಳು ಬೇರೆ. "ಮಿಸ್, ಇದನ್ನಿಡಿ."

ಹಸಿರು ದೀಪ ಹತ್ತಿತು.

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ವಾಪಸ್ ಬರುವಾಗ ತಲೆ ತುಂಬ ಅದೇ. ಆ ಹುಡುಗಿ ಕೇಳಿದ್ದು ನಮ್ಮ ಇಡೀ ಕ್ಷೇತ್ರದ ಪ್ರಶ್ನೆ. ಜೀವ ಇಲ್ಲದೆಯೂ ಇದೇ ಗುರುತು ಬರಬಹುದಲ್ಲ? ಹಾಗಾದರೆ ನಿಮ್ಮ ಗುರುತು ಏನನ್ನು ಹೇಳಿತು?

ಇದು ಮೊದಲ ಸಲ ಆಗಿದ್ದೂ ಅಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಖಗೋಳವಿಜ್ಞಾನಿ ವಿಲಿಯಂ ಸಿಂಟನ್ ಮಂಗಳನ ಅವಕೆಂಪು ಬೆಳಕಿನಲ್ಲಿ, 3.5 ಮೈಕ್ರಾನ್ (3500 ನ್ಯಾನೋಮೀಟರ್) ಆಸುಪಾಸಿನಲ್ಲಿ, ಕೆಲವು ಕಪ್ಪು ಪಟ್ಟಿಗಳನ್ನು ಕಂಡರು. ಗಿಡಗಂಟಿಗಳ ಬೆಳಕಿನಲ್ಲೂ ಅಂಥದೇ ಪಟ್ಟಿಗಳು ಬರುತ್ತವೆ. ಮಂಗಳನಲ್ಲಿ ಸಸ್ಯ ಇದೆ ಅಂತ ಹಲವರಿಗೆ ಅನ್ನಿಸಿತು. 1965ರ ಹೊತ್ತಿಗೆ ಗೊತ್ತಾಯಿತು, ಅದರಲ್ಲಿ ಮುಖ್ಯವಾದ ಪಟ್ಟಿಗಳು ನಮ್ಮದೇ ಭೂಮಿಯ ಗಾಳಿಯಲ್ಲಿರುವ ಭಾರವಾದ ಹೈಡ್ರೋಜನ್ (ಡ್ಯೂಟೀರಿಯಂ) ಸೇರಿದ ನೀರಿನ ಆವಿಯಿಂದ ಬಂದದ್ದು. ಅದನ್ನು ಬರೆದವರಲ್ಲಿ ಸಿಂಟನ್ ಕೂಡ ಒಬ್ಬರು. ತಾನು ಕಂಡದ್ದನ್ನು ತಾನೇ ಕೂತು ತಿದ್ದಿದ ಆ ಮನುಷ್ಯನ ಮೇಲೆ ನನಗೆ ತುಂಬ ಗೌರವ. ಈಚೆಗೆ ಬೇರೊಂದು ನಕ್ಷತ್ರವನ್ನು ಸುತ್ತುವ ಕೆ2-18ಬಿ ಅನ್ನುವ ಗ್ರಹದ ಸುದ್ದಿಯಲ್ಲೂ ಇದೇ ಎಳೆ. ಖಗೋಳವಿಜ್ಞಾನಿ ನಿಕ್ಕು ಮಧುಸೂದನ್ ತಂಡ 2023ರಲ್ಲಿ ಅಲ್ಲಿ ಮೀಥೇನ್, ಇಂಗಾಲದ ಡೈಆಕ್ಸೈಡ್ ಇದೆ ಅಂದಿತು. 2025ರಲ್ಲಿ ಡೈಮೀಥೈಲ್ ಸಲ್ಫೈಡ್‌ನ ಸುಳಿವನ್ನೂ ಹೇಳಿತು. ಭೂಮಿಯಲ್ಲಿ ಅದನ್ನು ಮುಖ್ಯವಾಗಿ ಮಾಡುವುದು ಕಡಲಿನ ಸಣ್ಣ ಜೀವಿಗಳು. ಆದರೆ ಅದೇ ಅಣು 67ಪಿ ಧೂಮಕೇತುವಿನಲ್ಲೂ ಸಿಕ್ಕಿದೆ. ಧೂಮಕೇತುವಿನಲ್ಲಿ ಕಡಲೂ ಇಲ್ಲ, ಪಾಚಿಯೂ ಇಲ್ಲ. ನನ್ನ ಕಣ್ಣಿಗೆ ಆ ಧೂಮಕೇತು ಬಾಗಿಲಿಗೆ ಕಟ್ಟಿದ ಪ್ಲಾಸ್ಟಿಕ್ ತೋರಣವೇ.

ಸರಿ, ತೋರಣದ ಕಥೆಗೆ ಬರೋಣ. ಹಸಿರು ಪ್ಲಾಸ್ಟಿಕ್ಕಿಗೆ ಹಾಕುವ ಬಣ್ಣಗಳಲ್ಲಿ ಹಲವು ಕೆಂಪನ್ನು ಹೀರಿ ಅವಕೆಂಪನ್ನು ಬಿಟ್ಟುಬಿಡುತ್ತವೆ. 860ರಲ್ಲಿ ನೋಡಿದರೆ ಎಲೆಗೂ ಅದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಹಾಗಾಗಿ ಮೊದಲು ಮಾಡಿದ್ದು ಏರು ಎಲ್ಲಿ ಶುರುವಾಗುತ್ತದೆ ಅಂತ ನೋಡಿದ್ದು. 680, 705, 730, 760, ಈ ನಾಲ್ಕು ಚಾನೆಲ್ ಇಲ್ಲಿ ವರ. ನಿಜವಾದ ಮಾವಿನೆಲೆ 730ಕ್ಕೆಲ್ಲ ಅರ್ಧಕ್ಕಿಂತ ಜಾಸ್ತಿ ಏರಿರುತ್ತದೆ. ತೋರಣ ಅಲ್ಲಿ ಇನ್ನೂ ಕತ್ತಲಲ್ಲೇ ಇತ್ತು. ಗೆದ್ದೆ ಅಂದುಕೊಂಡೆ. ಮಾರನೇ ದಿನ ಮದುವೆ ಮಂಟಪಕ್ಕೆ ಸುತ್ತುವ ಪ್ಲಾಸ್ಟಿಕ್ ಬಳ್ಳಿ ತಂದು ಇಟ್ಟರೆ, ಅದರ ಬಣ್ಣವೇ ಬೇರೆ. 730ರಲ್ಲೇ ಅರ್ಧ ಏರಿತ್ತು. ದೀಪ ಮತ್ತೆ ಹತ್ತಿತು. ಬಣ್ಣದ ಮೇಲೆ ನಂಬಿಕೆ ಇಟ್ಟರೆ ಇದು ಮುಗಿಯುವ ಕಥೆ ಅಲ್ಲ ಅಂತ ಆಗ ಗಟ್ಟಿಯಾಯಿತು. ಎಲೆಯ ಬಣ್ಣ ಬಿಟ್ಟು ಎಲೆ ಮಾಡುವ ಕೆಲಸವನ್ನು ಹಿಡಿಯಬೇಕು.

ಎಲೆಯನ್ನು ಇಪ್ಪತ್ತು ನಿಮಿಷ ಕತ್ತಲಲ್ಲಿಟ್ಟು ಥಟ್ಟನೆ ನೀಲಿ ಬೆಳಕು ಬಿಡಿ. ಎಲೆ ತಾನೇ ಮಂದವಾಗಿ ಕೆಂಪಗೆ ಮಿನುಗುತ್ತದೆ. ಒಳಗಿನ ಅಡುಗೆಮನೆ ಇನ್ನೂ ಒಲೆ ಹಚ್ಚಿಲ್ಲ, ಬಂದ ಬೆಳಕನ್ನು ಬಳಸೋಕೆ ಆಗುತ್ತಿಲ್ಲ, ಅದಕ್ಕೇ ಒಂದು ಪಾಲನ್ನು ಕೆಂಪಾಗಿ ಹೊರಗೆ ಬಿಡುತ್ತದೆ. ಕೆಲವು ನಿಮಿಷದಲ್ಲಿ ದ್ಯುತಿಸಂಶ್ಲೇಷಣೆ ಶುರುವಾದ ಹಾಗೆ ಮಿನುಗು ಇಳಿಯುತ್ತದೆ. 1931ರಲ್ಲಿ ಕೌಟ್‌ಸ್ಕಿ ಮತ್ತು ಹಿರ್ಶ್ ಇದನ್ನು ಬರಿಗಣ್ಣಿನಲ್ಲೇ ನೋಡಿ ಬರೆದರು. ಪ್ಲಾಸ್ಟಿಕ್ಕಿಗೆ ಅಡುಗೆಮನೆ ಇಲ್ಲ. ಅದು ಇದನ್ನು ಮಾಡೋಕೆ ಸಾಧ್ಯವೇ ಇಲ್ಲ.

450 ನ್ಯಾನೋಮೀಟರಿನ 3 ವ್ಯಾಟ್ ಎಲ್‌ಇಡಿ ಆರ್ಡರ್ ಮಾಡಿದೆ. ಹತ್ತು ದಿನ ಕಾದ ಮೇಲೆ ಬಂತು. ಹಚ್ಚಿದರೆ ಸೆನ್ಸರಿನ 460 ಚಾನೆಲ್ ಖಾಲಿ, 410 ತುಂಬಿ ತುಳುಕುತ್ತಿದೆ. ನೇರಳೆ ಎಲ್‌ಇಡಿ ಕಳಿಸಿದ್ದಾರೆ! ಫೋನ್ ಮಾಡಿದರೆ "ನೀಲಿ ತರಾನೇ ಕಾಣುತ್ತಲ್ವಾ ಮೇಡಂ" ಅಂದರು. ಕಾಣುವುದಲ್ಲ ಸ್ವಾಮಿ, ಅಳತೆ ಬೇಕು! ಇನ್ನೊಂದು ವಾರ ಹೋಯಿತು.

ಸರಿಯಾದದ್ದು ಬಂದ ದಿನವೇ ಎಲೆ ಇಟ್ಟೆ. 680ರ ಗೆರೆ ಇಳಿಯಿತು. ಖುಷಿಯಿಂದ ತೋರಣ ಇಟ್ಟೆ.

ಅದೂ ಇಳಿಯಿತು.

ಎರಡೂ ಇಳಿಯುತ್ತಿವೆ. ಇಪ್ಪತ್ತು ನಿಮಿಷ ಕತ್ತಲಲ್ಲಿಟ್ಟರೆ ಎರಡೂ ಮತ್ತೆ ಮೇಲಿನಿಂದ ಶುರು. ಮೂರು ರಾತ್ರಿ ಹೀಗೇ. ಬಿಳಿ ಕಾಗದ ಇಟ್ಟೆ, ಅದೂ ಇಳಿಯಿತು, ಅದೂ ಕತ್ತಲಲ್ಲಿ "ವಿಶ್ರಾಂತಿ" ತಗೊಂಡು ಸುಧಾರಿಸಿಕೊಂಡಿತು. ಕೋಡ್ ಎರಡು ಸಲ ಬರೆದೆ. ಸೆನ್ಸರ್ ಬದಲಾಯಿಸಿದೆ. ನಾಲ್ಕನೇ ರಾತ್ರಿ ರೂಮಿನ ಲೈಟ್ ಆರಿಸಿ, ಪೆಟ್ಟಿಗೆ ಮುಚ್ಚಳ ತೆಗೆದು, ಗೆರೆ ಇಳಿಯುವುದನ್ನೇ ನೋಡುತ್ತಾ ಕೂತಿದ್ದೆ. ಒಳಗಿದ್ದದ್ದು ತೋರಣ. ಅಮ್ಮ ಬಂದು "ಎಷ್ಟು ಸೆಕೆ, ಫ್ಯಾನ್ ಆದರೂ ಹಾಕ್ಕೋಬಾರದಾ" ಅಂತ ಸ್ವಿಚ್ ಹಾಕಿದರು. ಗೆರೆ ಇಳಿಯುವುದು ನಿಂತಿತು. ಸ್ವಲ್ಪ ಹೊತ್ತಿಗೆ ಮೇಲಕ್ಕೇ ಹೋಯಿತು.

ಪ್ಲಾಸ್ಟಿಕ್ಕಿಗೆ ಸೆಕೆ ಆಗುವುದಿಲ್ಲ. ಸೆಕೆ ಆಗುತ್ತಿದ್ದದ್ದು ಎಲ್‌ಇಡಿಗೆ. ಬೆನ್ನು ಮುಟ್ಟಿದರೆ ಬೆರಳು ಸುಟ್ಟಿತು. ಬಿಸಿಯಾದ ಹಾಗೆ ಬೆಳಕು ಕಡಿಮೆ, ಇಪ್ಪತ್ತು ನಿಮಿಷ ಆರಿಸಿಟ್ಟರೆ ತಣ್ಣಗಾಗಿ ಮತ್ತೆ ಮೊದಲಿನಷ್ಟು. ಎಲೆಗೆ ಬೇಕಾದ ಕತ್ತಲೂ ಎಲ್‌ಇಡಿಗೆ ಬೇಕಾದ ತಂಪೂ ಒಂದೇ ಹೊತ್ತಿನದು. ಅದಕ್ಕೇ ಅಷ್ಟು ಚೆನ್ನಾಗಿ ಮೋಸ ಹೋದೆ. ಜೊತೆಗೆ ನೀಲಿ ಬೆಳಕಿನ ಒಂದಿಷ್ಟು ಪಾಲು 680ರ ಚಾನೆಲ್‌ಗೂ ಸೋರುತ್ತಿತ್ತು. ನಾನು ಅಳೆಯುತ್ತಿದ್ದದ್ದು ಎಲೆಯನ್ನಲ್ಲ, ದೀಪವನ್ನು. ಸಿಂಟನ್ ಅಳೆದದ್ದೂ ತಮ್ಮ ತಲೆಯ ಮೇಲಿನ ಗಾಳಿಯನ್ನೇ ಅಲ್ವಾ?

ರಿಪೇರಿ ಮೂರು. ಎಲ್‌ಇಡಿ ಬೆನ್ನಿಗೆ ಬಿಸಿ ಎಳೆದು ಹೊರಗೆ ಬಿಡುವ ದೊಡ್ಡ ಹೀಟ್‌ಸಿಂಕ್ ಮತ್ತು ಸ್ಥಿರ ಕರೆಂಟಿನ ಡ್ರೈವರ್. ಎರಡನೆಯದು ನಾಟಕಕ್ಕೆ ಲೈಟ್ ಮಾಡುವ ಗೆಳೆಯ ಕೊಟ್ಟ, ನೀಲಿಯನ್ನು ತಡೆಯುವ ಕೆಂಪು ಹಾಳೆ, ಎರಡು ಪದರ. ಮೂರನೆಯದು ನನಗೆ ತುಂಬ ಇಷ್ಟವಾದದ್ದು. ಈ ಸೆನ್ಸರ್ ಬೋರ್ಡಿನ ಮೇಲೆ ಮೂರು ಬೇರೆ ಬೇರೆ ಚಿಪ್ ಇವೆ. 680, 730 ಇರುವುದು ಒಂದರಲ್ಲಿ, 460 ಇರುವುದು ಇನ್ನೊಂದರಲ್ಲಿ. ಕೆಂಪು ಹಾಳೆಯನ್ನು ಉಗುರಿನಷ್ಟು ಕತ್ತರಿಸಿ 680ರ ಚಿಪ್‌ಗೆ ಮಾತ್ರ ಅಂಟಿಸಿದೆ. 460 ಬರಿಮೈಯಲ್ಲಿ ದೀಪವನ್ನೇ ನೋಡುತ್ತಿರುತ್ತದೆ. ಕೆಂಪನ್ನು ನೀಲಿಯಿಂದ ಭಾಗಿಸಿದರೆ ದೀಪದ ಏರಿಳಿತ ಹೋಯಿತು, ಉಳಿದದ್ದು ಎಲೆಯದು.

ನಿನ್ನೆ ರಾತ್ರಿ ಬಂದ ಗ್ರಾಫ್ ಅದೇ. ತೋರಣ ಚಪ್ಪಟೆ. ಮದುವೆ ಬಳ್ಳಿ ಚಪ್ಪಟೆ. ವೀಳ್ಯದೆಲೆ ಮೊದಲ ಸೆಕೆಂಡಿನಲ್ಲೇ ಏರಿ, ಮೂರು ನಿಮಿಷದಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯಿತು. ಆಮೇಲೆ ಅದೇ ಕಟ್ಟಿನ ಇನ್ನೊಂದು ಎಲೆಯನ್ನು ಕುದಿಯುವ ನೀರಿಗೆ ಹಾಕಿ ತೆಗೆದು ಇಟ್ಟೆ. ಸ್ವಲ್ಪ ಮಿನುಗಿತು, ಆದರೆ ಹಾಗೇ ನಿಂತುಬಿಟ್ಟಿತು. ಎದ್ದು ಇಳಿಯಲಿಲ್ಲ. ಬಣ್ಣ ಇನ್ನೂ ಎಲೆಯದೇ, ಒಳಗೆ ಕೆಲಸ ಮಾಡುವವರು ಯಾರೂ ಇಲ್ಲ. ಆ ಎರಡು ಗೆರೆಗಳನ್ನು ಪಕ್ಕಪಕ್ಕ ನೋಡಿದಾಗ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಈ ಪರೀಕ್ಷೆಯನ್ನು ದೂರದ ಗ್ರಹಕ್ಕೆ ಹೀಗೇ ಮಾಡೋಕೆ ಬರುವುದಿಲ್ಲ. ಅಲ್ಲಿಗೆ ನೀಲಿ ದೀಪ ಹಿಡಿಯುವವರು ಯಾರು? ಅಲ್ಲಿ ಒಂದು ಗುರುತು ಸಾಲದು, ಹಲವು ಸೇರಬೇಕು. 1990ರ ಡಿಸೆಂಬರಿನಲ್ಲಿ ಗುರುಗ್ರಹಕ್ಕೆ ಹೊರಟಿದ್ದ ಗೆಲಿಲಿಯೊ ನೌಕೆ ಭೂಮಿಯ ಪಕ್ಕ ಹಾದಾಗ ಖಗೋಳವಿಜ್ಞಾನಿ ಕಾರ್ಲ್ ಸೇಗನ್ ತಂಡ ಭೂಮಿಯನ್ನೇ ಗುರುತಿಲ್ಲದ ಗ್ರಹದ ಹಾಗೆ ನೋಡಿತು. ರೆಡ್ ಎಡ್ಜ್ ಸಿಕ್ಕಿತು. ಆಮ್ಲಜನಕ ಸಿಕ್ಕಿತು, ಅದರ ಜೊತೆಗೇ ಮೀಥೇನ್ ಸಿಕ್ಕಿತು. ಈ ಎರಡು ಒಂದೇ ಗಾಳಿಯಲ್ಲಿ ತುಂಬ ದಿನ ಬಾಳುವುದಿಲ್ಲ, ಯಾರೋ ಸುರಿಯುತ್ತಲೇ ಇರಬೇಕು. ಬಣ್ಣಕ್ಕಿಂತ ನಡೆಯುತ್ತಿರುವ ಕೆಲಸ ನೋಡಿ ಅನ್ನುವುದು ಅಲ್ಲೂ ಇದೆ. ಚಂದ್ರಯಾನ-3ರ ಪ್ರೊಪಲ್ಷನ್ ಮಾಡ್ಯೂಲಿನಲ್ಲಿ ಇಸ್ರೋ ಇಟ್ಟ ಶೇಪ್ ಅನ್ನುವ ಉಪಕರಣವೂ ಚಂದ್ರನ ಕಕ್ಷೆಯಿಂದ ಭೂಮಿಯನ್ನು ಹೀಗೇ ಅವಕೆಂಪಿನಲ್ಲಿ ನೋಡೋಕೆ ಹೋದದ್ದು. ಮಕ್ಕಳಿಗೆ ಇದನ್ನು ಹೇಳಿದರೆ ಕಣ್ಣು ಅರಳುತ್ತದೆ.

ಚಂದ್ರ ಅಂದ ಮೇಲೆ ಹೇಳಲೇಬೇಕು, ಮುಂದಿನ ಪ್ರಾಜೆಕ್ಟ್ ತಲೆಯಲ್ಲಿ ಆಗಲೇ ಓಡುತ್ತಿದೆ. ಬಿದಿಗೆ, ತದಿಗೆಯ ಚಂದ್ರನ ಕತ್ತಲ ಭಾಗ ಬೂದಿ ಬಣ್ಣದಲ್ಲಿ ಕಾಣುತ್ತದಲ್ಲ, ಅದು ಭೂಮಿಯಿಂದ ಹೋಗಿ ವಾಪಸ್ ಬಂದ ಬೆಳಕು. ಅದರಲ್ಲಿ ನಮ್ಮ ಕಾಡುಗಳ ರೆಡ್ ಎಡ್ಜ್ ಇರುತ್ತದೆ. ಸಂಜೆ ನಾವು ಪಡುವಣದಲ್ಲಿ ಬಿದಿಗೆ ಚಂದ್ರ ನೋಡುವಾಗ ಚಂದ್ರನಿಗೆ ಕಾಣುವ ಹಗಲಿನ ಭೂಮಿಯಲ್ಲಿ ಆಫ್ರಿಕಾದ ಕಾಡು ಇರುತ್ತದೆ. ಬೆಳಗಿನ ಜಾವದ ಸಣ್ಣ ಚಂದ್ರನಿಗೆ ಜಾಸ್ತಿ ಕಾಣುವುದು ಪೆಸಿಫಿಕ್ ಕಡಲು. ಎರಡನ್ನೂ ಹಿಡಿದು ಹೋಲಿಸಬೇಕು. 6 ಇಂಚಿನ ದೂರದರ್ಶಕ, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಮಿಲಿಮೀಟರಿಗೆ 100 ಗೆರೆಯ ಗ್ರೇಟಿಂಗ್ ಇದೆ. ತಲೆನೋವು ಎಲ್ಲಿ ಬರುತ್ತದೆ ಅಂತಲೂ ಗೊತ್ತು. ಗ್ರೇಟಿಂಗ್ ಒಂದೇ ಬೆಳಕನ್ನು ಒಂದಕ್ಕಿಂತ ಹೆಚ್ಚು ಸಲ ಹರಡುತ್ತದೆ, ಆ ಎರಡನೇ ಹರಡುವಿಕೆಯ (ಆರ್ಡರಿನ) 380ರ ನೇರಳೆ ಸರಿಯಾಗಿ 760ರ ಮೇಲೇ ಬಂದು ಕೂರುತ್ತದೆ. ಕಿತ್ತಳೆ ಫಿಲ್ಟರ್ ಮೊದಲೇ ತಂದಿಟ್ಟಿದ್ದೇನೆ. ಚಂದ್ರನ ಹೊಳೆಯುವ ಕೊಂಬಿನಿಂದ ಚೆದುರಿ ಬರುವ ಬೆಳಕನ್ನು ಹೇಗೆ ಕಳೆಯುವುದು ಅನ್ನುವುದೇ ದೊಡ್ಡ ಕೆಲಸ. ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಮುಂದಿನ ಶನಿವಾರ ಅದೇ ಶಾಲೆಗೆ ಮತ್ತೆ ಹೋಗುತ್ತಿದ್ದೇನೆ. ಎಲೆಗಳನ್ನು ಕತ್ತಲಲ್ಲಿಡೋಕೆ ಕಪ್ಪು ಬಟ್ಟೆಯ ಚೀಲ ಹೊಲಿದಾಯಿತು. ಆ ಹುಡುಗಿಗೆ ಮೇಷ್ಟ್ರ ಕೈಯಲ್ಲಿ ಹೇಳಿ ಕಳಿಸಿದ್ದೇನೆ. ಪೆಟ್ಟಿಗೆಯನ್ನು ಇನ್ನೊಂದು ಸಲ ಮೋಸ ಮಾಡೋಕೆ ಏನು ಬೇಕಾದರೂ ತರಲಿ. "ಈಗಾಗಲೇ ಮೂರು ಸಾಮಾನು ಕೂಡಿಟ್ಟಿದ್ದಾಳೆ, ಏನು ಅಂತ ನನಗೂ ಹೇಳ್ತಿಲ್ಲ" ಅಂತ ಮೇಷ್ಟ್ರು ಉತ್ತರ ಕಳಿಸಿದ್ದಾರೆ.